ಪ್ರಶಸ್ತಿಯನ್ನು ಕೊನೆಯ ಸಾಲಿಗೆ ತಳ್ಳು

ಪ್ರೀತಿಯ ತಮ್ಮನಿಗೆ,

ಫಿಲಿಪ್ಪೀನ್ಸ್‌ನ ಸಾಧಕರ ಬಗ್ಗೆ ನೀನು ಕಳಿಸಿದ ಲೇಖನ ಓದಿದೆ. ಒಬ್ಬೊಬ್ಬರಿಗೆ ಒಂದೊಂದು ಪ್ಯಾರಾ. ಪ್ರತಿ ಪ್ಯಾರಾದಲ್ಲೂ ಹುಟ್ಟಿದ ಇಸವಿ, ಓದಿದ ಕಾಲೇಜು, ಬಂದ ಪ್ರಶಸ್ತಿ. ಮುಗಿಸುವ ಹೊತ್ತಿಗೆ ಯಾರು ವಿಜ್ಞಾನಿ, ಯಾರು ಕಾದಂಬರಿಕಾರ ಅನ್ನೋದೇ ಕಲಸಿಹೋಯಿತು. ಸನ್ಮಾನ ಸಮಾರಂಭದಲ್ಲಿ ನಿರೂಪಕ ಮೈಕ್ ಹಿಡಿದು ಓದುವ ಪರಿಚಯದ ಹಾಗಿದೆ.

ವಿಷಯ ಮಾತ್ರ ಒಳ್ಳೆಯದನ್ನೇ ಹಿಡಿದಿದ್ದೀಯ. ಮ್ಯಾಗ್ಸೆಸೆ ಪ್ರಶಸ್ತಿ ಅಂದರೆ ನಮ್ಮವರಿಗೆ ಗೊತ್ತು. 1991ರಲ್ಲಿ ಹೆಗ್ಗೋಡಿನ ಕೆ.ವಿ. ಸುಬ್ಬಣ್ಣ ಅವರಿಗೆ ಬಂತು, 2011ರಲ್ಲಿ ಹರೀಶ್ ಹಂದೆ ಅವರಿಗೆ. ಆದರೆ ಆ ಹೆಸರು 1957ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಫಿಲಿಪ್ಪೀನ್ಸ್ ಅಧ್ಯಕ್ಷರದ್ದು ಅಂತ ಎಷ್ಟು ಜನಕ್ಕೆ ಗೊತ್ತು? ಮನಿಲಾದಿಂದ ಪ್ರಶಸ್ತಿ ತಂದುಕೊಳ್ಳುತ್ತೇವೆ, ಆ ದೇಶದ ಒಬ್ಬ ಲೇಖಕರ ಹೆಸರು ಹೇಳು ಅಂದರೆ ತಲೆ ಕೆರೆದುಕೊಳ್ಳುತ್ತೇವೆ. ಆ ಕೊರತೆ ನೀನು ತುಂಬಬಹುದು. ಅದಕ್ಕೆ ಮೊದಲು ಪ್ರಶಸ್ತಿಯನ್ನು ಪಕ್ಕಕ್ಕಿಟ್ಟು, ಅವರು ಬೆಳಗಾದರೆ ಮಾಡುತ್ತಿದ್ದ ಕೆಲಸ ಏನು ಅಂತ ಕೇಳಿಕೋ.

ಬಾಲ್ಡೊಮೆರೊ ಒಲಿವೆರಾ ಬಗ್ಗೆ ನೀನು ಬರೆದದ್ದು 'ಖ್ಯಾತ ಜೀವರಸಾಯನ ವಿಜ್ಞಾನಿ' ಅಂತ, ಅಷ್ಟೇ. ನಡೆದದ್ದು ನೋಡು. ಅಮೆರಿಕದಲ್ಲಿ ಡಿಎನ್ಎ ಮೇಲೆ ಕೆಲಸ ಮಾಡಿ ಮನಿಲಾಕ್ಕೆ ವಾಪಸ್ ಬಂದರು. ಅಲ್ಲಿ ಆ ಕೆಲಸ ಮುಂದುವರಿಸಲು ಬೇಕಾದ ಉಪಕರಣಗಳೇ ಇರಲಿಲ್ಲ. ಕೈಗೆ ಸಿಗುವಂಥದ್ದು ಏನಿದೆ ಅಂತ ಯೋಚಿಸಿದರು. ಕಡಲಲ್ಲಿ ಚಂದದ ಚಿಪ್ಪಿನ ಒಂದು ಜಾತಿಯ ಬಸವನಹುಳು ಇದೆ, ಕೋನ್ ಸ್ನೇಲ್ ಅಂತಾರೆ. ಮೀನನ್ನು ವಿಷದ ಮುಳ್ಳಿನಿಂದ ಚುಚ್ಚಿ ನುಂಗುತ್ತದೆ. ಅದರಲ್ಲಿ ಒಂದು ಬಗೆ ಮನುಷ್ಯರನ್ನೂ ಕೊಲ್ಲಬಲ್ಲದು. ಚಿಕ್ಕಂದಿನಿಂದ ಚಿಪ್ಪು ಕೂಡಿಡುವ ಹವ್ಯಾಸ ಇದ್ದ ಒಲಿವೆರಾ, ವಿಜ್ಞಾನಿ ಲೂರ್ಡೆಸ್ ಕ್ರೂಜ್ ಜೊತೆ ಸೇರಿ ಆ ವಿಷದ ಹಿಂದೆ ಬಿದ್ದರು.

ಮುಂದೆ ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಅವರ ಪ್ರಯೋಗಾಲಯದಲ್ಲಿ ಒಬ್ಬ ವಿದ್ಯಾರ್ಥಿ ವಿಷದ ಒಂದೊಂದು ಅಂಶವನ್ನೂ ಬೇರೆ ಮಾಡಿ ನೇರ ಇಲಿಯ ಮಿದುಳಿಗೇ ಚುಚ್ಚಿ ನೋಡಿದ. ಒಂದೊಂದಕ್ಕೂ ಇಲಿ ಒಂದೊಂದು ಥರ ಆಡಿತು. ಒಂದು ಅಂಶ ಕೊಟ್ಟರೆ ಮರಿ ಇಲಿಗಳು ನಿದ್ದೆ ಹೋದವು. ಅದನ್ನೇ ದೊಡ್ಡ ಇಲಿಗೆ ಕೊಟ್ಟರೆ ನಿಂತಲ್ಲಿ ನಿಲ್ಲದೆ ಓಡಾಡಿತು! ಒಂದೇ ವಿಷ ಅಂದುಕೊಂಡದ್ದರಲ್ಲಿ ನೂರಾರು ಬೇರೆಬೇರೆ ಅಣುಗಳಿದ್ದವು. ಅಂಥ ಒಂದು ಅಣುವಿನಿಂದ ಬಂದ ಜಿಕೊನೊಟೈಡ್ ಎಂಬ ನೋವಿನ ಔಷಧಿಗೆ 2004ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಬೇರೆ ಯಾವುದಕ್ಕೂ ಬಗ್ಗದ ನೋವಿಗೆ, ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ನೇರ ಹಾಕುವ ಮದ್ದು ಅದು. ಕ್ರೂಜ್ ಅವರಿಗೆ 2010ರಲ್ಲಿ ಮಹಿಳಾ ವಿಜ್ಞಾನಿಗಳಿಗೆ ಕೊಡುವ ಲೋರಿಯಲ್-ಯುನೆಸ್ಕೊ ಪ್ರಶಸ್ತಿ ಬಂತು. ಅದು ಈಗ ಕೊನೆಯ ಸಾಲಿನಲ್ಲಿ ಕೂತರೆ ಓದುಗನಿಗೇ ಅದರ ತೂಕ ತಿಳಿಯುತ್ತದೆ, ಅಲ್ವಾ?

ಮರಿಯಾ ರೆಸ್ಸಾ ವಿಷಯದಲ್ಲೂ ಹೀಗೇ. '2021ರ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ದಿಟ್ಟ ಪತ್ರಕರ್ತೆ' ಅಂತ ಬರೆದಿದ್ದೀಯ. 'ದಿಟ್ಟ' ತೆಗೆದು ಹಾಕು. ಅದರ ಜಾಗಕ್ಕೆ ಈ ಇಸವಿಗಳನ್ನು ಸಾಲಾಗಿ ಇಡು. 2012ರ ಮೇನಲ್ಲಿ ಅವರ ಸುದ್ದಿತಾಣ ರ‍್ಯಾಪ್ಲರ್‌ನಲ್ಲಿ ಒಬ್ಬ ಉದ್ಯಮಿಯ ಬಗ್ಗೆ ವರದಿ ಬಂತು. ಬರೆದದ್ದು ಬೇರೆ ವರದಿಗಾರ. ಆನ್‌ಲೈನ್ ಮಾನಹಾನಿಗೆ ಜೈಲು ಎನ್ನುವ ಕಾನೂನು ಆಗಿನ್ನೂ ಇರಲಿಲ್ಲ, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಸಹಿ ಬಿತ್ತು. 2014ರಲ್ಲಿ ಯಾರೋ ಆ ವರದಿಯಲ್ಲಿದ್ದ ಒಂದು ಕಾಗುಣಿತದ ತಪ್ಪು ತಿದ್ದಿದರು, ಒಂದೇ ಒಂದು ಅಕ್ಷರ. ತಿದ್ದಿದ್ದೂ ಹೊಸದಾಗಿ ಪ್ರಕಟಿಸಿದ ಹಾಗೇ ಅಂತ ನ್ಯಾಯಾಲಯ ಹೇಳಿತು. 2020ರ ಜೂನ್‌ನಲ್ಲಿ ರೆಸ್ಸಾ ಮತ್ತು ಆ ವರದಿಗಾರ ಇಬ್ಬರೂ ತಪ್ಪಿತಸ್ಥರು ಅಂತ ತೀರ್ಪು ಬಂತು. ಇಷ್ಟು ಬರೆದರೆ ಸಾಕು, ಅವರು ದಿಟ್ಟರೋ ಅಲ್ಲವೋ ಓದುಗ ನೋಡಿಕೊಳ್ಳುತ್ತಾನೆ.

ಇನ್ನು ಸ್ವಲ್ಪ ಖಾರದ ಮಾತು. ಟ್ಯೂಬ್‌ಲೈಟ್ ಕಂಡುಹಿಡಿದದ್ದು ಫಿಲಿಪ್ಪೀನ್ಸ್‌ನ ಅಗಾಪಿಟೊ ಫ್ಲೋರೆಸ್ ಅಂತ ಬರೆದಿದ್ದೀಯಲ್ಲ, ಅದು ಕಟ್ಟುಕತೆ. ಅಲ್ಲಿನ ವಿಜ್ಞಾನಿಗಳೇ ಇದನ್ನು ಒಪ್ಪುವುದಿಲ್ಲ. ಫ್ಲೋರೆಸ್ ಹುಟ್ಟುವ ಮುಂಚೆಯೇ ಯುರೋಪಿನಲ್ಲಿ ಅಂಥ ದೀಪದ ಪ್ರಯೋಗಗಳು ನಡೆದಿದ್ದವು. ಮಕ್ಕಳ ವೈದ್ಯೆ ಫೆ ದೆಲ್ ಮುಂಡೊ 'ಹಾರ್ವರ್ಡ್ ವೈದ್ಯಕೀಯ ಶಾಲೆಯ ಮೊದಲ ವಿದ್ಯಾರ್ಥಿನಿ' ಅನ್ನೋದೂ ಅನುಮಾನದ ಮಾತೇ. ಆ ಶಾಲೆ ಹೆಣ್ಣುಮಕ್ಕಳನ್ನು ವಿದ್ಯಾರ್ಥಿಗಳಾಗಿ ತೆಗೆದುಕೊಂಡದ್ದು 1945ರಲ್ಲಿ. ಇವರು ಅಲ್ಲಿಗೆ ಹೋದದ್ದು 1930ರ ದಶಕದಲ್ಲಿ, ವೈದ್ಯ ಪದವಿ ಆದ ಮೇಲಿನ ತರಬೇತಿಗೆ.

ಬೇಜಾರು ಮಾಡಿಕೊಳ್ಳಬೇಡ, ಆ ಸಾಲು ಹೋದರೆ ನಷ್ಟವೇನಿಲ್ಲ. ಕರೆಂಟು ಇಲ್ಲದ ಹಳ್ಳಿಗಳಲ್ಲಿ ದಿನ ತುಂಬದೆ ಹುಟ್ಟಿದ ಕೂಸುಗಳಿಗಾಗಿ ಅವರು ಬಿದಿರಿನ ಇನ್‌ಕ್ಯುಬೇಟರ್ ಮಾಡಿದರು. ಬಟ್ಟೆ ಹಾಕುವ ಎರಡು ಬುಟ್ಟಿ, ಒಂದರೊಳಗೆ ಒಂದು. ನಡುವಿನ ಸಂದಿಯಲ್ಲಿ ಬಿಸಿನೀರಿನ ಬಾಟಲಿಗಳು. ಮನೆ ಮಾರಿ ಕೆಜಾನ್ ಸಿಟಿಯಲ್ಲಿ ಮಕ್ಕಳ ಆಸ್ಪತ್ರೆ ಕಟ್ಟಿಸಿದರು, 1957ರಲ್ಲಿ ತೆರೆಯಿತು. ಆಮೇಲೆ ಅದರ ಮಹಡಿಯಲ್ಲೇ ವಾಸ. ಆ ಬುಟ್ಟಿಗಳ ಮುಂದೆ ಹಾರ್ವರ್ಡ್ ಯಾವ ಲೆಕ್ಕ?

ಶಾಂತಿಗಾಗಿ ದುಡಿದವರ ಬಗ್ಗೆ ಬರೆಯುವುದು ಕಷ್ಟ, ಒಪ್ಪುತ್ತೇನೆ. ಬರೀ ಮೀಟಿಂಗು, ಕರಡು, ತಿದ್ದುಪಡಿ. ಮಿರಿಯಂ ಕೊರೊನೆಲ್-ಫೆರೆರ್ ಸರ್ಕಾರದ ಕಡೆಯ ಮುಖ್ಯ ಸಂಧಾನಕಾರ್ತಿಯಾಗಿ 2014ರ ಮಾರ್ಚ್ 27ರಂದು ದೇಶದ ದಕ್ಷಿಣ ಭಾಗದ ಮೋರೊ ಮುಸ್ಲಿಂ ಬಂಡುಕೋರರ ಜೊತೆ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದರು. ನಿನ್ನ ಲೇಖನ ಅಲ್ಲಿಗೆ ನಿಲ್ಲುತ್ತದೆ. ನಿಲ್ಲಿಸಬೇಡ. ಮರುವರ್ಷ ಜನವರಿಯಲ್ಲಿ ಮಾಮಾಸಪಾನೊದಲ್ಲಿ ಗುಂಡಿನ ಕಾಳಗ ನಡೆದು 44 ಕಮಾಂಡೊ ಪೊಲೀಸರು ಸತ್ತರು. ಒಪ್ಪಂದದಂತೆ ಮೋರೊ ಪ್ರದೇಶಕ್ಕೆ ಸ್ವಾಯತ್ತತೆ ಕೊಡುವ ಮಸೂದೆ ಸಂಸತ್ತಿನಲ್ಲಿ ಕುಂಟಿತು. ಕಾನೂನು ಆದದ್ದು 2018ರಲ್ಲಿ, ಜನಮತ ಆದದ್ದು 2019ರಲ್ಲಿ. ಫೆರೆರ್ ಅವರಿಗೆ ಮ್ಯಾಗ್ಸೆಸೆ ಬಂದದ್ದು 2023ರಲ್ಲಿ.

ಫಿಲಿಪ್ಪೀನ್ಸ್‌ನ ರಾಷ್ಟ್ರವೀರ ಹೊಸೆ ರಿಜಾಲ್ ಅವರನ್ನು ಮಾತ್ರ ಈ ಲೇಖನದಿಂದ ಬಿಡು. ಕಣ್ಣಿನ ಡಾಕ್ಟರು, ಕಾದಂಬರಿಕಾರ, 35ನೇ ವಯಸ್ಸಿಗೆ ಗುಂಡಿಗೆ ಬಲಿಯಾದವರು. ಒಂದು ಪ್ಯಾರಾಕ್ಕೆ ಸಿಗುವ ಆಸಾಮಿ ಅಲ್ಲ.

ಪ್ರಶಸ್ತಿಯನ್ನು ಕೊನೆಗೆ ತಳ್ಳು ಅಂದೆನಲ್ಲ, ಲೇಖಕ ನಿಕ್ ಹೋಕಿನ್ ಅವರಿಗೆ ಮಾತ್ರ ವಿನಾಯಿತಿ. 1976ರಲ್ಲಿ ಮಾರ್ಕೋಸ್ ಸರ್ಕಾರ ಅವರಿಗೆ ರಾಷ್ಟ್ರೀಯ ಕಲಾವಿದ ಗೌರವ ಕೊಡಲು ಬಂತು. ಜೈಲಿನಲ್ಲಿರುವ ಕವಿ ಹೊಸೆ ಲಕಾಬಾ ಅವರನ್ನು ಬಿಟ್ಟರೆ ತಗೋತೀನಿ ಅಂದರು. ಇಲ್ಲಿ ಪ್ರಶಸ್ತಿಯೇ ಕತೆ, ಮೊದಲ ಸಾಲಿಗೇ ತಾ.

ಕೊನೆಗೆ, ಪಟ್ಟಿಯಲ್ಲಿಲ್ಲದ ಒಬ್ಬರನ್ನು ಸೇರಿಸು. ಇಲೋಯಿಲೋದ ಡಾಕ್ಟರ್ ಅಬೆಲಾರ್ಡೊ ಅಗಿಲಾರ್. 1949ರಲ್ಲಿ ತಮ್ಮ ಊರ ಕಡೆಯ ಮಣ್ಣಿನ ಮಾದರಿಯನ್ನು ಅಮೆರಿಕದ ಎಲಿ ಲಿಲ್ಲಿ ಕಂಪನಿಗೆ ಕಳಿಸಿದರು. ಅದರಲ್ಲಿದ್ದ ಸೂಕ್ಷ್ಮಜೀವಿಯಿಂದ ಎರಿಥ್ರೋಮೈಸಿನ್ ಬಂತು, ಗಂಟಲು ಕೆಟ್ಟಾಗ ನಮ್ಮ ಡಾಕ್ಟರೂ ಬರೆದುಕೊಡುತ್ತಿದ್ದ ಅದೇ ಮಾತ್ರೆ. 1952ರಲ್ಲಿ ಮಾರುಕಟ್ಟೆಗೆ ಬಂದಾಗ ಅದಕ್ಕಿಟ್ಟ ಹೆಸರು ಇಲೋಟೈಸಿನ್, ಇಲೋಯಿಲೋ ನೆನಪಿಗೆ. ಊರಿಗೆ ಹೆಸರು ಸಿಕ್ಕಿತು. ಡಾಕ್ಟರು ಮಾತ್ರ ರಾಯಧನ ಕೇಳಿ ಕೇಳಿ 1993ರಲ್ಲಿ ತೀರಿಕೊಂಡರು, ಏನೂ ಸಿಗಲಿಲ್ಲ ಅಂತ ಅಲ್ಲಿನ ಪತ್ರಿಕೆಗಳು ಬರೆದಿವೆ. ಈ ಭಾಗವನ್ನು ಮೊದಲು ಬರೆದು ಕಳಿಸು. ಉಳಿದದ್ದಕ್ಕೆ ಅವಸರವಿಲ್ಲ, ಮುಂದಿನ ತಿಂಗಳು ಬಂದರೂ ಓದುತ್ತೇನೆ.

ನಿನ್ನ
ಅಣ್ಣ