ಯಾವ ಎಣ್ಣೆ ಅಂತ ಮೊದಲು ಕೇಳು

ಹ್ಯೂಸ್ಟನ್

ಚಿ. ಸಿಂಧುವಿಗೆ ದೊಡ್ಡಪ್ಪನ ಆಶೀರ್ವಾದಗಳು.

ಪೌರತ್ವ ಸಿಕ್ಕಿತು, ಮುಂದಿನ ಚುನಾವಣೆಯಲ್ಲಿ ಮೊದಲ ಸಲ ವೋಟ್ ಹಾಕುತ್ತೀಯ ಅಂತ ನಿನ್ನ ಅಪ್ಪ ಹೇಳಿದ. ತುಂಬಾ ಸಂತೋಷ. ಅಮೆರಿಕ ಕಚ್ಚಾ ತೈಲ, ಪೆಟ್ರೋಲ್ ತರಿಸುವ, ಮಾರುವ ವಿಚಾರಕ್ಕೆ ಆಫೀಸಿನಲ್ಲಿ ಜಗಳ ಆಡಿದೆಯಂತೆ, ಅದನ್ನೂ ಹೇಳಿದ. ರಿಫೈನರಿಗಳ ಊರಿನಲ್ಲಿ ಇಷ್ಟು ಕಾಲ ಇದ್ದವನಿಗೆ ಸುಮ್ನೆ ಕೂರೋಕೆ ಆಗುತ್ತಾ?

‘ನಮ್ಮಲ್ಲಿ ಬೇಕಾದಷ್ಟು ಎಣ್ಣೆ ಇದೆ, ಹೊರಗಿನದು ಯಾಕೆ’ ಅಂತ ಒಬ್ಬರು. ‘ಹೊರಗೆ ಮಾರುವುದರಿಂದಲೇ ಇಲ್ಲಿ ಪೆಟ್ರೋಲ್ ದುಬಾರಿ’ ಅಂತ ಇನ್ನೊಬ್ಬರು. ಎರಡರಲ್ಲೂ ಸ್ವಲ್ಪ ನಿಜ ಇದೆ. ಅದಕ್ಕೇ ಜನ ನಂಬುತ್ತಾರೆ. ನೀನು ಮಾತ್ರ ಮೊದಲು ಕೇಳು: ಯಾವ ಎಣ್ಣೆ? ಕಚ್ಚಾ ತೈಲವೋ, ಪೆಟ್ರೋಲ್ ಡೀಸೆಲ್ಲೋ, ಎಲ್ಲ ಸೇರಿಸಿದ ಲೆಕ್ಕವೋ?

ಎಲ್ಲ ಸೇರಿಸಿದರೆ 2020ರಲ್ಲಿ ಅಮೆರಿಕ ತರಿಸಿದ್ದಕ್ಕಿಂತ ಕಳಿಸಿದ್ದೇ ಜಾಸ್ತಿ. ಆದರೆ ಕಚ್ಚಾ ತೈಲ ಒಂದನ್ನೇ ನೋಡು. 2023ರಲ್ಲಿ ದಿನಕ್ಕೆ ಸುಮಾರು 40 ಲಕ್ಷ ಬ್ಯಾರೆಲ್ ಹೊರಗೆ ಹೋಯಿತು, 65 ಲಕ್ಷದಷ್ಟು ಒಳಗೆ ಬಂತು. ಊರಲ್ಲಿ ನಾವು ಅಡಿಕೆ ಮಾರಿ ಅಕ್ಕಿ ತರುತ್ತಿರಲಿಲ್ಲವಾ? ಅಡಿಕೆಗೆ ಒಳ್ಳೆ ರೇಟು ಬಂತು ಅಂತ ಅಜ್ಜ ಅಕ್ಕಿ ತರುವುದನ್ನು ಬಿಡಲಿಲ್ಲ.

ತಮ್ಮದೇ ಇರುವಾಗ ತರಿಸುವುದು ಯಾಕೆ ಅನ್ನುತ್ತೀಯಾ? ಟೆಕ್ಸಾಸ್‌ನ ಶೇಲ್ ತೈಲ, ಅಂದರೆ ನೆಲದಾಳದ ಬಂಡೆ ಸೀಳಿ ತೆಗೆಯುವ ಎಣ್ಣೆ, ತೆಳು, ಗಂಧಕ ಕಮ್ಮಿ. ಶೇಲ್ ಉಕ್ಕುವ ಮೊದಲೇ ಇಲ್ಲಿನ ಕರಾವಳಿಯ ಎಷ್ಟೋ ರಿಫೈನರಿಗಳು ವೆನೆಜುವೆಲಾ, ಮೆಕ್ಸಿಕೊದ ದಪ್ಪ ಎಣ್ಣೆಗೆ ಅಂತ ಯಂತ್ರ ಹಾಕಿಕೊಂಡಿದ್ದವು. ಡಾಂಬರಿನಂಥದ್ದನ್ನು ಕಾಯಿಸಿ ಒಡೆದು ಡೀಸೆಲ್ ತೆಗೆಯುವ ಕೋಕರ್‌ಗಳು. ಅಷ್ಟು ಹಣ ಹಾಕಿದವರು ಅವನ್ನು ಖಾಲಿ ಬಿಡುತ್ತಾರಾ? ದಪ್ಪ ಎಣ್ಣೆ ಕೊಳ್ಳುತ್ತಾರೆ. ತೆಳು ಎಣ್ಣೆ ಉಳಿದಷ್ಟು ಹಡಗು ಹತ್ತುತ್ತದೆ. ಈಗ ಹೊರಗಿನಿಂದ ಬರುವ ಕಚ್ಚಾ ತೈಲದಲ್ಲಿ ಅರ್ಧಕ್ಕಿಂತ ಜಾಸ್ತಿ ಕೆನಡಾದ್ದು.

2025ರ ಜನವರಿಯಲ್ಲಿ ದಾವೋಸ್ ಸಭೆಗೆ ವಿಡಿಯೊದಲ್ಲಿ ಮಾತಾಡಿದ ಟ್ರಂಪ್, ಕೆನಡಾದ ಎಣ್ಣೆ, ಗ್ಯಾಸ್ ನಮಗೆ ಬೇಕಿಲ್ಲ ಎಂದರು. ಹತ್ತು ದಿನದೊಳಗೆ ಸುಂಕದ ಆದೇಶ ಬಂತು. ಕೆನಡಾದ ಬೇರೆ ಸರಕಿಗೆ ಶೇ 25, ಎಣ್ಣೆ ಗ್ಯಾಸ್‌ಗೆ ಶೇ 10! ಬೇಡವಾದ ಸರಕಿಗೆ ಯಾಕಮ್ಮಾ ರಿಯಾಯಿತಿ? ಭಾಷಣ ಕೇಳಿದ ಮೇಲೆ ಆದೇಶವನ್ನೂ ಓದು.

ಇನ್ನೊಂದು ಪಕ್ಷದ ಕಾಲದಲ್ಲೂ ಗೊಂದಲ ಕಮ್ಮಿ ಇರಲಿಲ್ಲ. 2024ರ ಜನವರಿಯಲ್ಲಿ ಬೈಡನ್ ಸರ್ಕಾರ ಹೊಸ ಎಲ್‌ಎನ್‌ಜಿ (ತಣ್ಣಗೆ ಮಾಡಿ ದ್ರವವಾಗಿಸಿದ ನೈಸರ್ಗಿಕ ಅನಿಲ) ರಫ್ತಿನ ಪರವಾನಗಿಗಳಿಗೆ ತಡೆ ಹಾಕಿತು. ಹೊಗಳಿದವರು, ಬೈದವರು ಇಬ್ಬರೂ ರಫ್ತೇ ನಿಂತಂತೆ ಮಾತಾಡಿದರು. ಮೊದಲೇ ಪರವಾನಗಿ ಇದ್ದವರ ಹಡಗುಗಳು ಹೋಗುತ್ತಲೇ ಇದ್ದವು.

ರಫ್ತು ನಿಲ್ಲಿಸಿದರೆ ಪೆಟ್ರೋಲ್ ಅಗ್ಗ ಆಗುತ್ತದೆ ಅಂತ ನೀನು ವಾದ ಮಾಡಿದೆಯಂತೆ. 1975ರಿಂದ 2015ರವರೆಗೆ ಕಚ್ಚಾ ತೈಲದ ರಫ್ತಿಗೆ ಹೆಚ್ಚುಕಮ್ಮಿ ನಿಷೇಧವೇ ಇತ್ತು. ಆದರೂ 2008ರಲ್ಲಿ ಪೆಟ್ರೋಲ್ ಗ್ಯಾಲನ್‌ಗೆ 4 ಡಾಲರ್ ದಾಟಿತು. ಇಲ್ಲಿ ಎಣ್ಣೆ ಮಾರುವುದು ಕಂಪನಿಗಳು, ಸರ್ಕಾರ ಅಲ್ಲ. ಬೆಲೆ ತೀರ್ಮಾನ ಆಗುವುದು ಪ್ರಪಂಚದ ಮಾರುಕಟ್ಟೆಯಲ್ಲಿ. (ನಿಷೇಧ ಹೋದ ಮೇಲೆ, 2017ರಲ್ಲಿ, ಇಲ್ಲಿನ ತೈಲ ನಮ್ಮ ಒಡಿಶಾದ ಪಾರಾದೀಪ್ ಬಂದರಿಗೂ ಹೋಯಿತು.)

ಸಾಮಾನ್ಯವಾಗಿ ಪ್ರತಿ ಬುಧವಾರ ಇಲ್ಲಿನ ಸರ್ಕಾರದ ಇಂಧನ ಮಾಹಿತಿ ಇಲಾಖೆ (ಇಐಎ) ವಾರದ ಲೆಕ್ಕ ಹೊರಡಿಸುತ್ತದೆ. ಆಮದು, ರಫ್ತು, ಕಚ್ಚಾ, ಪೆಟ್ರೋಲ್ ಎಲ್ಲ ಬೇರೆ ಬೇರೆ ಸಾಲಿನಲ್ಲಿ ಇರುತ್ತವೆ. ಮುಂದಿನ ಜಗಳಕ್ಕೆ ಮುಂಚೆ ಅದನ್ನೊಮ್ಮೆ ನೋಡು. ವೋಟ್ ಯಾರಿಗೆ ಅಂತ ಮಾತ್ರ ನನಗೆ ಹೇಳಬೇಡ. ನಿನ್ನ ದೊಡ್ಡಮ್ಮ ಕೇಳೇ ಕೇಳುತ್ತಾಳೆ, ಅವಳಿಗೂ ಹೇಳಬೇಡ.

ಇಂತಿ,
ನಿನ್ನ ದೊಡ್ಡಪ್ಪ