ಅಕ್ಕನಿಗೆ, ಮಾಂಟ್ರಿಯಲ್‌ನಿಂದ

ಪ್ರೀತಿಯ ಅಕ್ಕ,

ನಾವೆಲ್ಲ ಚೆನ್ನಾಗಿದ್ದೇವೆ. ಅಮ್ಮನ ಮಂಡಿನೋವು ಹೇಗಿದೆ ಅಂತ ನೀನೇ ಬರೆ. ಫೋನಿನಲ್ಲಿ ಅವಳು ನಿಜ ಹೇಳುವುದಿಲ್ಲ.

ಮೊನ್ನೆ ನೀನು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ‘ಸಿಸೇರಿಯನ್‌ಗೆ ಆಪರೇಷನ್ ಥಿಯೇಟರ್ ಇಲ್ಲದ ಊರಲ್ಲಿ ಹೆರಿಗೆ ಮಾಡಿಸೋದು ಬಸುರಿಯ ಜೀವದ ಜೊತೆ ಆಟ ಅಲ್ವಾ?’ ಅಂದೆ. ಇಷ್ಟು ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದವಳು ನೀನು, ಕೇಳಿದ್ದು ಸರಿಯೇ. ಅದಕ್ಕೇ ಇವತ್ತು ಬಿಡುವು ಮಾಡಿಕೊಂಡು ಬರೆಯುತ್ತಿದ್ದೇನೆ.

ನಾನು ಹೇಳಿದ್ದು ನುನಾವಿಕ್ ಬಗ್ಗೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಉತ್ತರದ ತುದಿ ಅದು, ಇನುಯಿಟ್ ಅನ್ನುವ ಮೂಲನಿವಾಸಿ ಜನರ ನಾಡು. ಕಡಲ ದಂಡೆಯುದ್ದಕ್ಕೂ 14 ಹಳ್ಳಿಗಳು. ಒಂದರಿಂದ ಇನ್ನೊಂದಕ್ಕೆ ರಸ್ತೆಯಿಲ್ಲ, ವಿಮಾನವೇ ಗತಿ. ಹಿಮಗಾಳಿ ಎದ್ದರೆ ಅದೂ ಇಲ್ಲ. ಹಿಂದೆಲ್ಲ ಅಲ್ಲಿನ ಹೆಂಗಸರು ತಮ್ಮವರ ನಡುವೆಯೇ ಹೆರುತ್ತಿದ್ದರು. ಆಮೇಲೆ ದಿನ ತುಂಬುವ ಮೊದಲೇ ಬಸುರಿಯರನ್ನು ದಕ್ಷಿಣದ ಆಸ್ಪತ್ರೆಗಳಿಗೆ ವಿಮಾನ ಹತ್ತಿಸುವುದು ಶುರುವಾಯಿತು. ವಾರಗಟ್ಟಲೆ ಒಬ್ಬಳೇ ಇರಬೇಕು. ಗಂಡ ಜೊತೆಗಿಲ್ಲ, ದೊಡ್ಡ ಮಕ್ಕಳು ಯಾರದೋ ಮನೆಯಲ್ಲಿ, ಸುತ್ತ ತನ್ನ ಭಾಷೆ ಬಲ್ಲವರಿಲ್ಲ.

ಇನ್ನೊಂದು ಸಂಗತಿ ಕೇಳು. ಅವರಲ್ಲಿ ಹೊಕ್ಕುಳಬಳ್ಳಿ ಕತ್ತರಿಸಿದವರಿಗೂ ಮಗುವಿಗೂ ಬದುಕಿಡೀ ನಂಟು. ಹುಡುಗ ಬೆಳೆದು ಮೊದಲ ಸಲ ಆಡಿದ ಬೇಟೆ, ಹಿಡಿದ ಮೀನು ಅವರಿಗೇ ಸಲ್ಲಬೇಕು. ಹೊರಗಿನ ಊರಲ್ಲಿ ಯಾರೋ ಡ್ಯೂಟಿ ಡಾಕ್ಟರ್ ಬಳ್ಳಿ ಕತ್ತರಿಸಿ ಮುಂದಿನ ಬೆಡ್ಡಿಗೆ ಹೋದರೆ, ಆ ಮಗು ತನ್ನ ಮೊದಲ ಮೀನನ್ನು ಯಾರಿಗೆ ಕೊಡಬೇಕು? ನನಗೆ ಇದನ್ನು ಓದಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು.

ಇನ್ನು ಸಾಕು ಅಂದವರು ಪುವಿರ್ನಿಟುಕ್ ಅನ್ನುವ ಹಳ್ಳಿಯ ಹೆಂಗಸರು. ಹೆರಿಗೆ ನಮ್ಮೂರಿಗೇ ವಾಪಸ್ ಬರಬೇಕು ಅಂತ ಹಟ ಹಿಡಿದರು. 1986ರಲ್ಲಿ ಅಲ್ಲಿನ ಇನೂಲಿತ್ಸಿವಿಕ್ ಆರೋಗ್ಯ ಕೇಂದ್ರದಲ್ಲಿ ಹೆರಿಗೆಮನೆ ತೆರೆಯಿತು. ಆಗಿನ್ನೂ ಕ್ವಿಬೆಕ್‌ನಲ್ಲಿ ಸೂಲಗಿತ್ತಿ ಕೆಲಸಕ್ಕೆ ಕಾನೂನಿನ ಮಾನ್ಯತೆ ಇರಲಿಲ್ಲ ಗೊತ್ತಾ? ಕಾನೂನು ಬಂದದ್ದು 1999ರಲ್ಲಿ. ಇವರು ಅದಕ್ಕೆ ಕಾಯಲಿಲ್ಲ. ಊರಿನ ಹೆಣ್ಣುಮಕ್ಕಳನ್ನೇ ಆರಿಸಿ, ಹೊರಗಿನಿಂದ ಬಂದ ಅನುಭವಿ ಸೂಲಗಿತ್ತಿಯರ ಜೊತೆ ನಿಲ್ಲಿಸಿ, ಕೆಲಸ ಮಾಡುತ್ತಲೇ ಕಲಿಸಿದರು. ಊರಿನ ಅಜ್ಜಿಯರಿಗೆ ತಿಳಿದಿದ್ದೂ ಆ ಪಾಠದಲ್ಲಿ ಸೇರಿತು. ಮುಂದೆ ಇನುಕ್ಜುವಾಕ್, ಸಲ್ಲುಯಿಟ್ ಹಳ್ಳಿಗಳಲ್ಲೂ ಹೆರಿಗೆಮನೆ ಬಂದವು.

ಈಗ ನಿನ್ನ ಪ್ರಶ್ನೆ. ಹೌದು, ಅಲ್ಲಿ ಸಿಸೇರಿಯನ್ ಆಗುವುದಿಲ್ಲ. ಬೇಕಾದರೆ ಮಾಂಟ್ರಿಯಲ್‌ಗೇ ಬರಬೇಕು, ಗಂಟೆಗಟ್ಟಲೆಯ ಹಾರಾಟ. ಆದ್ದರಿಂದಲೇ 32–34 ವಾರದ ಹೊತ್ತಿಗೆ ಸೂಲಗಿತ್ತಿಯರು, ಡಾಕ್ಟರು, ನರ್ಸುಗಳು ಒಟ್ಟಿಗೆ ಕೂತು ಒಬ್ಬೊಬ್ಬ ಬಸುರಿಯ ಫೈಲನ್ನೂ ನೋಡುತ್ತಾರೆ. ಮುಂದಾಳುಗಳು ಸೂಲಗಿತ್ತಿಯರೇ. ಯಾರು ಊರಲ್ಲೇ ಹೆರಬಹುದು, ಯಾರನ್ನು ಮೊದಲೇ ಕಳಿಸಬೇಕು ಅಂತ ಅಲ್ಲಿ ತೀರ್ಮಾನ. ರಕ್ತಸ್ರಾವ ನಿಲ್ಲಿಸುವುದು, ಅಳದ ಮಗುವಿಗೆ ಉಸಿರು ಕೊಡುವುದು ಅವರಿಗೆ ಕರಗತ. 2000ರಿಂದ 2007ರವರೆಗಿನ ಲೆಕ್ಕ ನೋಡಿದೆ: ಸುಮಾರು 1,370 ಹೆರಿಗೆ, ಅದರಲ್ಲಿ ನೂರಕ್ಕೆ 86 ನುನಾವಿಕ್‌ನಲ್ಲೇ ಆಗಿವೆ.

ಅಪಾಯವೇ ಇಲ್ಲ ಅಂತ ನಾನು ಹೇಳುತ್ತಿಲ್ಲ, ಅವರೂ ಹೇಳುವುದಿಲ್ಲ. ಆದರೆ ಅಪಾಯದ ಹಳೆಯ ಲೆಕ್ಕದಲ್ಲಿ ಥಿಯೇಟರ್ ಎಷ್ಟು ದೂರ ಅನ್ನುವುದು ಮಾತ್ರ ಇತ್ತು. ತಾಯಿ ವಾರಗಟ್ಟಲೆ ಮನೆಯಲ್ಲಿಲ್ಲದಿದ್ದರೆ ಉಳಿದ ಮಕ್ಕಳ ಗತಿ ಏನು, ಒಂಟಿಯಾಗಿ ಹೆತ್ತವಳ ಮನಸ್ಸು ಏನಾಗುತ್ತದೆ, ಇದನ್ನು ಯಾರೂ ಬರೆದುಕೊಂಡಿರಲಿಲ್ಲ. ಈ ಹೆಂಗಸರು ಬರೆದುಕೊಂಡರು. ನನ್ನ ಮಟ್ಟಿಗೆ ಅದೇ ಅವರ ದೊಡ್ಡ ಧೈರ್ಯ.

ದಕ್ಷಿಣದ ಆಸ್ಪತ್ರೆ ಅಂದರೆ ಅವರಿಗೆ ಯಾಕೆ ಭಯ ಅಂತಲೂ ಹೇಳಬೇಕು. 2020ರ ಸೆಪ್ಟೆಂಬರ್‌ನಲ್ಲಿ ಇಲ್ಲಿಗೆ ಹತ್ತಿರದ ಜೋಲಿಯೆಟ್ ಆಸ್ಪತ್ರೆಯಲ್ಲಿ ಜಾಯ್ಸ್ ಎಶಾಕ್ವಾನ್ ತೀರಿಕೊಂಡರು. ಅಟಿಕಮೆಕ್ ಅನ್ನುವ ಇನ್ನೊಂದು ಮೂಲನಿವಾಸಿ ಸಮುದಾಯದವರು, ಏಳು ಮಕ್ಕಳ ತಾಯಿ. ಹಾಸಿಗೆಯಲ್ಲಿ ನರಳುತ್ತಿದ್ದಾಗ ಸಿಬ್ಬಂದಿ ಹೀಯಾಳಿಸಿದ್ದನ್ನು ಅವರೇ ಫೇಸ್‌ಬುಕ್‌ನಲ್ಲಿ ಲೈವ್ ಮಾಡಿದ್ದರು. ಆ ಸಾವಿನಲ್ಲಿ ಜನಾಂಗದ್ವೇಷದ ಪಾಲಿದೆ ಅಂತ ತನಿಖೆ ಮಾಡಿದ ಕರೋನರ್ (ಸಾವಿನ ಕಾರಣ ಹುಡುಕುವ ಅಧಿಕಾರಿ) ಹೇಳಿದರು. ಅದೂ ನಮ್ಮ ಕಾಲದಲ್ಲೇ, ಅಕ್ಕ.

ಪುವಿರ್ನಿಟುಕ್‌ನಲ್ಲಿ ಹೆರಿಗೆ ಮಾಡಿಸುವವಳು ಬಸುರಿಯ ಭಾಷೆಯವಳು, ಅವಳ ಮನೆ-ಮಂದಿಯನ್ನು ಬಲ್ಲವಳು. ಹೆರಿಗೆಯಾದ ಮೇಲೂ ಬಿಡುವುದಿಲ್ಲ. ಮೊಲೆಹಾಲು, ಮಕ್ಕಳ ನಡುವಿನ ಅಂತರ, ಗರ್ಭಕೊರಳಿನ ಕ್ಯಾನ್ಸರ್ ಪತ್ತೆಯ ಪ್ಯಾಪ್ ಟೆಸ್ಟ್, ಎಲ್ಲ ಅವಳದೇ ಉಸ್ತುವಾರಿ. ಇಂಥವಳ ಹತ್ತಿರ ಹೆಂಗಸರು ಬಾಯಿಬಿಟ್ಟು ಹೇಳಿಕೊಳ್ಳುವುದು ಜಾಸ್ತಿ, ನಿನಗಿಂತ ಚೆನ್ನಾಗಿ ಅದು ಇನ್ಯಾರಿಗೆ ಗೊತ್ತು?

ಇಷ್ಟು ಓದಿದ ಮೇಲೂ ನಿನಗೆ ಒಪ್ಪಿಗೆ ಇಲ್ಲದಿದ್ದರೆ ಯಾಕೆ ಅಂತ ಬರೆ. ಅದರಲ್ಲೂ ಹೆತ್ತ ಮೇಲಿನ ರಕ್ತಸ್ರಾವದ ಬಗ್ಗೆ ನಿನ್ನ ಅನುಭವ ಏನು ಹೇಳುತ್ತದೆ ತಿಳಿಸು. ಅಪ್ಪನಿಗೆ, ಅಮ್ಮನಿಗೆ ನಮಸ್ಕಾರ.

ನಿನ್ನ ತಂಗಿ