ಭಾನುವಾರದ ಕೂಟ: ಈ ಸಲ ‘ವೈಟ್ ಕ್ರಿಸ್‌ಮಸ್’

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 6ಕ್ಕೆ ನಮ್ಮ ಹಾಡು ಕೇಳುವ ಕೂಟ ಇದೆ, ಎಂದಿನಂತೆ ವಿಡಿಯೊ ಕಾಲ್‌ನಲ್ಲಿ. ಈ ಸಲ ಒಂದೇ ಹಾಡು: ಅಮೆರಿಕದ ಇರ್ವಿಂಗ್ ಬರ್ಲಿನ್ ಬರೆದ, ಹಿಮ ಬೀಳುವ ಕ್ರಿಸ್‌ಮಸ್‌ಗಾಗಿ ಹಂಬಲಿಸುವ ‘ವೈಟ್ ಕ್ರಿಸ್‌ಮಸ್’.

ದಯವಿಟ್ಟು ಮೂರು ರೆಕಾರ್ಡಿಂಗ್ ಕೇಳಿಕೊಂಡು ಬನ್ನಿ.

ಮೊದಲು ಅಮೆರಿಕದ ಗಾಯಕ ಬಿಂಗ್ ಕ್ರಾಸ್ಬಿ, 1942. ಆಗ ಎರಡನೇ ಮಹಾಯುದ್ಧದ ಕಾಲ. ಮನೆಯಿಂದ ದೂರವಿದ್ದ ಅಮೆರಿಕದ ಸೈನಿಕರು ಇದನ್ನೇ ಹಾಕಿ ಅಂತ ರೇಡಿಯೊಗೆ ಕೇಳುತ್ತಿದ್ದರು. ರೆಕಾರ್ಡಿನ ಪ್ರತಿ ತೆಗೆದು ತೆಗೆದು ಮೂಲ ಅಚ್ಚೇ ಸವೆದುಹೋಯಿತು! 1947ರಲ್ಲಿ ಕ್ರಾಸ್ಬಿ ಮತ್ತೆ ಹಾಡಬೇಕಾಯಿತು. ಈಗ ಜಾಸ್ತಿ ಕೇಳಿಬರುವುದು ಆ ಎರಡನೆಯದೇ. ಹಾಗಾಗಿ ಇಸವಿ ನೋಡಿ ಹಾಕಿಕೊಳ್ಳಿ.

ಆಮೇಲೆ ಡ್ರಿಫ್ಟರ್ಸ್ ಅನ್ನುವ ಗಾಯಕರ ತಂಡ (1954), ಎಲ್ವಿಸ್ ಪ್ರೀಸ್ಲಿ (1957). ಇವೆರಡನ್ನೂ ಬೆನ್ನುಬೆನ್ನಿಗೆ ಕೇಳಿ, ಎಲ್ವಿಸ್ ಯಾರ ದಾರಿ ಹಿಡಿದರು ಅಂತ ತಾನಾಗೇ ಗೊತ್ತಾಗುತ್ತದೆ. ಬರ್ಲಿನ್ ಅವರಿಗಂತೂ ಎಲ್ವಿಸ್ ಹಾಡಿದ್ದು ಸ್ವಲ್ಪವೂ ಹಿಡಿಸಲಿಲ್ಲ. ನನಗೆ ಡ್ರಿಫ್ಟರ್ಸ್‌ದೇ ಇಷ್ಟ, ಜಗಳಕ್ಕೆ ರೆಡಿ.

ಇನ್ನೊಂದು ವಿಷಯ. ಹಾಡಿನ ಶುರುವಿನಲ್ಲಿ ಬಿಸಿಲು, ತಾಳೆಮರ, ಬೆಚ್ಚಗಿನ ಕ್ಯಾಲಿಫೋರ್ನಿಯಾದ ಬೆವರ್ಲಿ ಹಿಲ್ಸ್ ಬರುವ ಸಾಲುಗಳಿವೆ. ಕ್ರಾಸ್ಬಿ ಅವನ್ನು ಹಾಡಲಿಲ್ಲ. ಹಿಮ ಯಾಕೆ ಅಷ್ಟು ನೆನಪಾಗುತ್ತದೆ ಅನ್ನುವುದು ಅಲ್ಲೇ ಇರುವುದು, ಅಲ್ವಾ? ಯಾರಾದರೂ ಒಬ್ಬರು ಅದನ್ನು ಓದಿ ಅರ್ಥ ಹೇಳಬೇಕು. ಯಾರು ಹೇಳುತ್ತೀರಿ?

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ‘ಬರ್ತೀನಿ’ ಅಂತ ಹಾಕಿ. ಇದೇ ಹಾಡನ್ನು ಬೇರೆ ಯಾರಾದರೂ ಹಾಡಿದ್ದು (ಕವರ್) ಇಷ್ಟವಿದ್ದರೆ ಲಿಂಕ್ ಕಳಿಸಿ, ತಲಾ ಒಂದೇ ಸಾಕು. ಹಾಡು ಹಾಕಿದಾಗ ಎಲ್ಲರೂ ಮೈಕ್ ಮ್ಯೂಟ್ ಮಾಡಿ. ಹೋದ ಸಲ ಯಾರದೋ ಮನೆಯ ಕುಕ್ಕರ್ ಸೀಟಿಯೂ ಜೊತೆಗೆ ಹಾಡಿತ್ತು.